ತೆರೆದ ಲೆಕ್ಕ, ಮುಚ್ಚಿದ ಹೆಸರು: ಕ್ಷಯಮುಕ್ತ ಗ್ರಾಮ ಪಂಚಾಯಿತಿಗೆ ಸಹಯೋಗದ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ಪಾಠದ ಉದ್ದೇಶ

ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು ಪಂಚಾಯಿತಿಯ ಕೆಲಸ. ರೋಗ ಮತ್ತು ಔಷಧ ಆಸ್ಪತ್ರೆಯ ಕೆಲಸ. ಈ ವಿಂಗಡಣೆ ಗ್ರಾಮಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಕೆಲವು ರೋಗಗಳು ಈ ಗೆರೆಯನ್ನು ಮಾನ್ಯ ಮಾಡುವುದಿಲ್ಲ. ಅವುಗಳಲ್ಲಿ ಕ್ಷಯ, ಅಂದರೆ ಟಿ.ಬಿ., ಮುಖ್ಯವಾದುದು. ಅದನ್ನು ಗುಣಪಡಿಸುವ ಮಾತ್ರೆ ಆಸ್ಪತ್ರೆಯಲ್ಲಿದೆ. ಆದರೆ ಎರಡು ವಾರದಿಂದ ಕೆಮ್ಮುತ್ತಿರುವ ವ್ಯಕ್ತಿ ಯಾವ ಬೀದಿಯಲ್ಲಿದ್ದಾನೆ, ಆತನ ಮನೆಯಲ್ಲಿ ಊಟಕ್ಕೆ ಏನಿದೆ, ಮಾತ್ರೆಯನ್ನು ನಡುವೆ ನಿಲ್ಲಿಸಿದ್ದಾನೆಯೇ ಎಂಬುದನ್ನು ಬಲ್ಲವರು ಊರಿನವರು. ಈ ಎರಡು ಬಗೆಯ ತಿಳಿವಳಿಕೆ ಒಂದೆಡೆ ಸೇರದಿದ್ದರೆ ರೋಗ ಉಳಿದೇ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿದ್ದಾರೆ. 2015ರಲ್ಲಿ ದೇಶದ ಪ್ರತಿ ಲಕ್ಷ ಜನರಲ್ಲಿ ವರ್ಷಕ್ಕೆ 237 ಮಂದಿಗೆ ಹೊಸದಾಗಿ ಕ್ಷಯ ಬರುತ್ತಿತ್ತು. 2023ರ ವೇಳೆಗೆ ಈ ಸಂಖ್ಯೆ 195ಕ್ಕೆ ಇಳಿಯಿತು. ಇಳಿಕೆ ನಿಜ, ಆದರೆ ಉಳಿದಿರುವ ದಾರಿಯೂ ದೀರ್ಘ.

ಈ ಪಾಠವನ್ನು ಓದಿ ಚರ್ಚಿಸಿದ ಬಳಿಕ ಸದಸ್ಯರಿಗೆ ಮೂರು ವಿಷಯಗಳು ಸ್ಪಷ್ಟವಾಗಬೇಕು. ಮೊದಲನೆಯದು, ಆರೋಗ್ಯ ಕ್ಷೇತ್ರದಲ್ಲಿ ಮುಕ್ತ ಆವಿಷ್ಕಾರ ಮತ್ತು ಸಹಯೋಗ ಎಂದರೇನು. ಎರಡನೆಯದು, ಕ್ಷಯಮುಕ್ತ ಪಂಚಾಯಿತಿಯ ಆರು ಮಾನದಂಡಗಳ ಹಿಂದಿರುವ ಲೆಕ್ಕ. ಮೂರನೆಯದು, ಇಂತಹ ಸಹಯೋಗದಲ್ಲಿ ಊರಿನ ಮುಂದೆ ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ವಿವೇಕ. ಮೂರನೆಯದು ತಪ್ಪಿದರೆ ಮೊದಲೆರಡರಿಂದ ಪ್ರಯೋಜನವಿಲ್ಲ.

2. ತುಮಕೂರಿನ ಹಳ್ಳಿಗಳು ಕಲಿಸಿದ್ದು

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪನೆಯಾಯಿತು. ದೇಶದ ಹಳ್ಳಿಗಳಿಗೆ ಹೊಂದುವ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವುದು ಅದರ ಮುಂದಿದ್ದ ಕೆಲಸ. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಕಳುಹಿಸಿ ಎಲ್ಲರನ್ನೂ ಪರೀಕ್ಷಿಸಬೇಕು ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಅಷ್ಟೊಂದು ವಾಹನಗಳಿಗಾಗಲಿ ತಜ್ಞರಿಗಾಗಲಿ ದೇಶದಲ್ಲಿ ಹಣವಿರಲಿಲ್ಲ.

ಸಂಸ್ಥೆಯ ತಂಡವು ಊಹೆಯನ್ನು ನಂಬಿ ಕೂರದೆ ಹಳ್ಳಿಗಳಿಗೆ ಹೋಗಿ ವಿಚಾರಿಸಿತು. ಮಾಗಡಿ ತಾಲ್ಲೂಕಿನ ಗಡಿಗೆ ತಾಗಿಕೊಂಡಿರುವ ತುಮಕೂರು ಜಿಲ್ಲೆಯಲ್ಲಿ ಆ ಅಧ್ಯಯನ ನಡೆಯಿತು. ವೈದ್ಯ ಹಾಗೂ ಸಮಾಜವಿಜ್ಞಾನಿ ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರು 1963ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರ ಊಹೆಯನ್ನೂ ತಲೆಕೆಳಗು ಮಾಡಿತು. ಕ್ಷಯವಿದ್ದವರಲ್ಲಿ ಬಹುತೇಕರಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧದಷ್ಟು ಜನ ಪರಿಹಾರ ಹುಡುಕಿಕೊಂಡು ವೈದ್ಯರ ಬಳಿಗೆ ಆಗಲೇ ಹೋಗಿ ಬಂದಿದ್ದರು. ಆದರೆ ಅಲ್ಲಿ ಅವರ ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ. ಹಲವರು ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮನೆಗೆ ಮರಳಿದ್ದರು.

ಅಂದರೆ ಕೊರತೆ ಇದ್ದದ್ದು ಹಳ್ಳಿಯ ಅರಿವಿನಲ್ಲಲ್ಲ. ಬಂದವರ ಮಾತನ್ನು ಕೇಳಿಸಿಕೊಳ್ಳದ ವ್ಯವಸ್ಥೆಯಲ್ಲಿ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು, ಕೆಮ್ಮಿನಿಂದ ತಾನಾಗಿಯೇ ಬಂದವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಪರೀಕ್ಷಿಸಬೇಕು ಎಂಬ ಸರಳ ತತ್ತ್ವದ ಮೇಲೆ ನಿಂತಿತು. ಇದೇ ಕಾಲಕ್ಕೆ ಮದ್ರಾಸಿನ ಕ್ಷಯರೋಗ ಚಿಕಿತ್ಸಾ ಕೇಂದ್ರವು, ರೋಗಿಯನ್ನು ಆರೋಗ್ಯಧಾಮದಲ್ಲಿ ಮಲಗಿಸಿ ನೀಡುವ ಚಿಕಿತ್ಸೆಯಷ್ಟೇ ಫಲವು ಮನೆಯಲ್ಲಿದ್ದುಕೊಂಡು ಮಾತ್ರೆ ನುಂಗುವುದರಿಂದಲೂ ದೊರೆಯುತ್ತದೆ ಎಂದು 1959ರಲ್ಲಿ ತೋರಿಸಿಕೊಟ್ಟಿತ್ತು. ಈ ಎರಡು ಅಧ್ಯಯನಗಳಿಂದ ಕ್ಷಯದ ಚಿಕಿತ್ಸೆ ಊರಿನ ಹತ್ತಿರಕ್ಕೆ, ಮನೆಯ ಹತ್ತಿರಕ್ಕೆ ಬಂದಿತು.

ಸಮಸ್ಯೆಯನ್ನು ಅನುಭವಿಸುತ್ತಿರುವವರ ತಿಳಿವಳಿಕೆಯೂ ಪರಿಹಾರದ ಒಂದು ಭಾಗ ಎಂಬುದು ಇಲ್ಲಿನ ಪಾಠ.

3. ಮುಕ್ತ ಆವಿಷ್ಕಾರ ಎಂದರೇನು?

ಸಾಮಾನ್ಯವಾಗಿ ಒಂದು ಸಂಸ್ಥೆ ತನ್ನ ಗೋಡೆಯೊಳಗೆ, ತನ್ನ ನೌಕರರಿಂದ, ಗುಟ್ಟಾಗಿ ಹೊಸದನ್ನು ಕಂಡುಹಿಡಿಯುತ್ತದೆ. ಇದಕ್ಕೆ ಬದಲಾಗಿ ಗೋಡೆಯ ಹೊರಗಿನವರ ಜ್ಞಾನವನ್ನು ಒಳಗೆ ತರುವುದು, ಒಳಗಿನ ಜ್ಞಾನವನ್ನು ಹೊರಗಿನವರಿಗೆ ಕೊಡುವುದು ಮುಕ್ತ ಆವಿಷ್ಕಾರ. ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಚೆಸ್‌ಬ್ರೋ 2003ರಲ್ಲಿ ಈ ಹೆಸರಿನ ಪುಸ್ತಕವನ್ನು ಬರೆದರು. ಹೆಸರು ಹೊಸದಾದರೂ ರೂಢಿ ಹಳೆಯದು. ತುಮಕೂರಿನ ಅಧ್ಯಯನ ಅದಕ್ಕೊಂದು ನಿದರ್ಶನ.

ಕ್ಷಯಕ್ಕೆ ಈ ಮಾರ್ಗ ಏಕೆ ಬೇಕಾಯಿತು? ಕ್ಷಯ ಹೆಚ್ಚಾಗಿ ಬಡವರ ರೋಗ. ಲಾಭ ಕಡಿಮೆಯಾದ್ದರಿಂದ ಔಷಧ ಉದ್ಯಮವು ದಶಕಗಳ ಕಾಲ ಇತ್ತ ಹೆಚ್ಚು ಗಮನ ಕೊಡಲಿಲ್ಲ. 1960ರ ದಶಕದಲ್ಲಿ ಬಂದ ರಿಫಾಂಪಿಸಿನ್ ಇಂದಿಗೂ ಚಿಕಿತ್ಸೆಯ ಬೆನ್ನೆಲುಬು. ಅದಾದ ಮೇಲೆ ಹೊಸ ಬಗೆಯ ಕ್ಷಯದ ಔಷಧವಾದ ಬೆಡಾಕ್ವಿಲಿನ್‌ಗೆ ಅನುಮೋದನೆ ದೊರೆಯಲು 2012ರವರೆಗೆ, ಅಂದರೆ ಸುಮಾರು ನಲವತ್ತು ವರ್ಷ, ಕಾಯಬೇಕಾಯಿತು.

ಈ ಹಿನ್ನೆಲೆಯಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು, ಅಂದರೆ ಸಿಎಸ್‌ಐಆರ್, ಸಮೀರ್ ಬ್ರಹ್ಮಚಾರಿ ಅವರ ನೇತೃತ್ವದಲ್ಲಿ 2008ರಲ್ಲಿ ‘ಓಪನ್ ಸೋರ್ಸ್ ಡ್ರಗ್ ಡಿಸ್ಕವರಿ’ ಎಂಬ ಯೋಜನೆಯನ್ನು ಆರಂಭಿಸಿತು. ಕ್ಷಯದ ರೋಗಾಣುವಿನಲ್ಲಿ ಸುಮಾರು 4,000 ವಂಶವಾಹಿಗಳಿವೆ. ಅವುಗಳ ಕುರಿತ ಮಾಹಿತಿಯನ್ನು ಕಲೆಹಾಕಿ ಹೊಂದಿಸುವ ಕೆಲಸವನ್ನು 2010ರಲ್ಲಿ ದೇಶದ ನಾನಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೆರೆದಿಡಲಾಯಿತು. ಅವರು ಅದನ್ನು ಹಂಚಿಕೊಂಡು ಮಾಡಿದರು. ಫಲಿತಾಂಶ ಎಲ್ಲರ ಬಳಕೆಗೆ ಲಭ್ಯವಾಯಿತು. ಆ ಯತ್ನದಿಂದ ಹೊಸ ಮಾತ್ರೆಯೊಂದು ಔಷಧ ಉಗ್ರಾಣಕ್ಕೆ ಬಂದು ಸೇರಲಿಲ್ಲ ಎಂಬುದನ್ನೂ ಹೇಳಬೇಕು. ಜ್ಞಾನವನ್ನು ತೆರೆದಿಡುವುದು ಅವಶ್ಯ, ಆದರೆ ಅದೊಂದೇ ಸಾಲದು. ಕೊನೆಯ ಹಂತದವರೆಗೆ ಹಣ, ಹೊಣೆ ಮತ್ತು ತಾಳ್ಮೆ ಬೇಕು.

ಹೀಗೆ ಕೊನೆಯ ಹಂತವನ್ನು ಮುಟ್ಟಿದ ಉದಾಹರಣೆಯೂ ಹತ್ತಿರದಲ್ಲಿದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆಯು ಬ್ಯಾಟರಿಯಿಂದ ನಡೆಯಬಲ್ಲ, ಮೇಜಿನ ಮೇಲೆ ಇಡಬಹುದಾದ ಟ್ರೂನ್ಯಾಟ್ ಪರೀಕ್ಷಾ ಯಂತ್ರವನ್ನು ಅಭಿವೃದ್ಧಿಪಡಿಸಿತು. ಸರ್ಕಾರಿ ವಿಜ್ಞಾನ ಸಂಸ್ಥೆಗಳು ನೆರವಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ಪರಿಶೀಲಿಸಿತು. ಗೋವಾದ ಮೊಲ್‌ಬಯೋ ಸಂಸ್ಥೆ ತಯಾರಿಕೆ ನಡೆಸಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಬಳಕೆಗೆ ಒಪ್ಪಿಗೆ ನೀಡಿತು. ಈ ಯಂತ್ರವು ಕಫದಲ್ಲಿ ರೋಗಾಣು ಇದೆಯೇ ಎಂಬುದನ್ನು ಸುಮಾರು ಒಂದು ಗಂಟೆಯಲ್ಲಿ ತಿಳಿಸುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನು ಮುಂದಿನ ಪರೀಕ್ಷೆಯಲ್ಲಿ ಹೇಳುತ್ತದೆ. ಕೋವಿಡ್ ಕಾಲದಲ್ಲಿ ಅದೇ ಯಂತ್ರಗಳನ್ನು ಕೊರೊನಾ ಪರೀಕ್ಷೆಗೂ ಬಳಸಲಾಯಿತು.

ಆದರೆ ಯಂತ್ರಕ್ಕೆ ಕಫದ ಮಾದರಿ ಬಂದು ತಲುಪಬೇಕು. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ನಡುವೆ ಪೈಪು ಸೋರಿದರೆ ಕೊನೆಯ ಬೀದಿಯ ನಲ್ಲಿ ಒಣಗಿಯೇ ಇರುತ್ತದೆ. ಕ್ಷಯದ ಚಿಕಿತ್ಸೆಯಲ್ಲಿಯೂ ಕೆಮ್ಮು, ಪರೀಕ್ಷೆ, ಪತ್ತೆ, ಔಷಧದ ಆರಂಭ, ಔಷಧದ ಪೂರ್ಣಗೊಳಿಕೆ ಎಂಬ ಒಂದೊಂದು ಜೋಡಣೆಯಲ್ಲಿಯೂ ಸೋರಿಕೆ ಇದೆ. ಯಂತ್ರ ಮಾಡಿದವರು ಈ ಸೋರಿಕೆಯನ್ನು ಬೆಂಗಳೂರಿನಲ್ಲಿ ಕುಳಿತು ಮುಚ್ಚಲಾರರು. ಅದು ಗ್ರಾಮದ ಕೆಲಸ.

4. ಅನ್ನವೂ ಔಷಧದ ಜೊತೆಗಾರ

ಕ್ಷಯಕ್ಕೂ ಹಸಿವಿಗೂ ಇರುವ ನಂಟನ್ನು ಹಿರಿಯರು ಬಲ್ಲರು. ಅದನ್ನು ಅಳೆದು ತೋರಿಸಿದ ಮಹತ್ವದ ಅಧ್ಯಯನದ ಹಿಂದೆ ಕರ್ನಾಟಕದಲ್ಲಿ ಕೆಲಸ ಮಾಡುತ್ತಿರುವ ವೈದ್ಯರಿದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಮತ್ತು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಜೊತೆಗೂಡಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿದರು. ಫಲಿತಾಂಶ 2023ರ ಆಗಸ್ಟ್‌ನಲ್ಲಿ ಪ್ರಕಟವಾಯಿತು.

2,800 ರೋಗಿಗಳು ಮತ್ತು ಅವರೊಡನೆ ಒಂದೇ ಮನೆಯಲ್ಲಿ ವಾಸಿಸುವ 10,345 ಜನರನ್ನು ಅದು ಒಳಗೊಂಡಿತ್ತು. ರೋಗಿಗಳೆಲ್ಲರಿಗೂ ಆಹಾರ ನೀಡಲಾಯಿತು. ಒಂದು ಗುಂಪಿನ ಮನೆಗಳಲ್ಲಿ ಕುಟುಂಬದವರಿಗೂ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆಯನ್ನು ಪೋಷಕಾಂಶದ ಮಾತ್ರೆಗಳ ಜೊತೆಗೆ ಕೊಡಲಾಯಿತು. ಇನ್ನೊಂದು ಗುಂಪಿನ ಕುಟುಂಬದವರಿಗೆ ಕೊಡಲಿಲ್ಲ. ಆಹಾರ ಪಡೆದ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು, ಶ್ವಾಸಕೋಶದ ಕ್ಷಯ ಬರುವುದು ಶೇ. 48ರಷ್ಟು ಕಡಿಮೆಯಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ದೇಹದ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿತ್ತು.

ಇದನ್ನು ಊರಿನ ಮಾತಿನಲ್ಲಿ ಹೇಳುವುದಾದರೆ, 40 ಕಿಲೋ ತೂಗುವ ರೋಗಿ ಎರಡು ತಿಂಗಳಲ್ಲಿ 42 ಕಿಲೋಗೆ ಬಂದರೆ ಆತ ಬದುಕುವ ಭರವಸೆ ಬಹಳ ಹೆಚ್ಚುತ್ತದೆ. ಆ ಎರಡು ಕಿಲೋ ತೂಕ ಬರುವುದು ಊಟದ ತಟ್ಟೆಯಿಂದ. ರಾಗಿ, ಬೇಳೆ, ಹುರುಳಿ, ಅವರೆ, ಕಡಲೆಕಾಯಿ, ಹಾಲು, ಮೊಟ್ಟೆ ಇವೆಲ್ಲ ಈ ತಾಲ್ಲೂಕುಗಳಲ್ಲಿಯೇ ಸಿಗುವಂಥವು.

ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ಪ್ರತಿ ರೋಗಿಗೆ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ್ ಮಿತ್ರ ವ್ಯವಸ್ಥೆಯಲ್ಲಿ ವ್ಯಕ್ತಿಗಳು, ಸಂಘ ಸಂಸ್ಥೆಗಳು, ಕಂಪನಿಗಳು, ಚುನಾಯಿತ ಪ್ರತಿನಿಧಿಗಳು ನೋಂದಾಯಿಸಿಕೊಂಡು ರೋಗಿಗಳಿಗೆ ಆಹಾರದ ಕಿಟ್ ನೀಡಬಹುದು. ರೋಗಿಯ ಮನೆಯವರಿಗೂ ಈ ನೆರವನ್ನು ವಿಸ್ತರಿಸಲು 2024ರಲ್ಲಿ ನಿರ್ಧರಿಸಲಾಯಿತು.

5. ಆರು ಮಾನದಂಡಗಳು ಮತ್ತು ಅವುಗಳ ಲೆಕ್ಕ

2023ರ ಮಾರ್ಚ್ 24ರಂದು, ವಿಶ್ವ ಕ್ಷಯರೋಗ ದಿನದಂದು, ಕ್ಷಯಮುಕ್ತ ಪಂಚಾಯಿತಿ ಅಭಿಯಾನಕ್ಕೆ ಚಾಲನೆ ದೊರೆಯಿತು. ಒಂದು ಗ್ರಾಮ ಪಂಚಾಯಿತಿ ಆ ಹೆಸರಿಗೆ ಅರ್ಹವಾಗಲು ಆರು ಮಾನದಂಡಗಳನ್ನು ಮುಟ್ಟಬೇಕು.

ಅ) ವರ್ಷಕ್ಕೆ ಪ್ರತಿ 1,000 ಜನರಲ್ಲಿ ಕನಿಷ್ಠ 30 ಮಂದಿ ಶಂಕಿತರಿಗೆ ಕ್ಷಯ ಪರೀಕ್ಷೆ ಆಗಿರಬೇಕು.
ಆ) ಪತ್ತೆಯಾದ ರೋಗಿಗಳು ಪ್ರತಿ 1,000 ಜನರಿಗೆ 1ಕ್ಕಿಂತ ಹೆಚ್ಚಿರಬಾರದು.
ಇ) ಚಿಕಿತ್ಸೆ ಪಡೆದವರಲ್ಲಿ ಕನಿಷ್ಠ ಶೇ. 85 ಮಂದಿ ಯಶಸ್ವಿಯಾಗಿ ಚಿಕಿತ್ಸೆ ಮುಗಿಸಿರಬೇಕು.
ಈ) ಪತ್ತೆಯಾದವರಲ್ಲಿ ಕನಿಷ್ಠ ಶೇ. 60 ಮಂದಿಗೆ ಔಷಧ ನಿರೋಧಕತೆಯ ಪರೀಕ್ಷೆ ನಡೆದಿರಬೇಕು.
ಉ) ಅರ್ಹ ರೋಗಿಗಳೆಲ್ಲರಿಗೂ ನಿಕ್ಷಯ್ ಪೋಷಣ್ ಯೋಜನೆಯ ಕನಿಷ್ಠ ಒಂದು ಕಂತು ತಲುಪಿರಬೇಕು.
ಊ) ಒಪ್ಪಿಗೆ ನೀಡಿದ ರೋಗಿಗಳೆಲ್ಲರಿಗೂ ಸಮುದಾಯದಿಂದ ಪೌಷ್ಟಿಕ ಆಹಾರದ ನೆರವು ದೊರೆತಿರಬೇಕು.

ಮೊದಲ ವರ್ಷ ಅರ್ಹತೆ ಪಡೆದ ಪಂಚಾಯಿತಿಗೆ ಪ್ರಮಾಣಪತ್ರದೊಡನೆ ಕಂಚಿನ ಬಣ್ಣದ ಗಾಂಧಿ ಪ್ರತಿಮೆ, ಸತತ ಎರಡು ವರ್ಷವಾದರೆ ಬೆಳ್ಳಿ ಬಣ್ಣದ್ದು, ಮೂರು ವರ್ಷವಾದರೆ ಚಿನ್ನದ ಬಣ್ಣದ್ದು ದೊರೆಯುತ್ತದೆ.

ಈಗ ಊಹೆಯ ಎರಡು ಪಂಚಾಯಿತಿಗಳನ್ನು ತೆಗೆದುಕೊಂಡು ಲೆಕ್ಕ ಹಾಕಬಹುದು. ಎರಡರಲ್ಲಿಯೂ ಜನಸಂಖ್ಯೆ 8,000. ಆದ್ದರಿಂದ ವರ್ಷಕ್ಕೆ ಕನಿಷ್ಠ 240, ಅಂದರೆ ತಿಂಗಳಿಗೆ 20 ಪರೀಕ್ಷೆಗಳು ನಡೆಯಬೇಕು. ರೋಗಿಗಳ ಸಂಖ್ಯೆ 8ನ್ನು ಮೀರಬಾರದು. ಮೊದಲನೆಯ ಪಂಚಾಯಿತಿ 40 ಜನರನ್ನು ಮಾತ್ರ ಪರೀಕ್ಷಿಸಿತು. ಒಬ್ಬ ರೋಗಿಯೂ ಸಿಗಲಿಲ್ಲ. ಎರಡನೆಯದು 260 ಜನರನ್ನು ಪರೀಕ್ಷಿಸಿತು; 9 ರೋಗಿಗಳು ಪತ್ತೆಯಾದರು. ಇಬ್ಬರಿಗೂ ಈ ವರ್ಷ ಪ್ರಮಾಣಪತ್ರವಿಲ್ಲ. ಆದರೆ ಊರಿಗೆ ಒಳಿತು ಮಾಡಿದ್ದು ಯಾವುದು? ಎರಡನೆಯದೇ. ಆ 9 ಮಂದಿ ಔಷಧ ಆರಂಭಿಸಿದ್ದಾರೆ. ಅವರಿಂದ ಇತರರಿಗೆ ಹರಡುವುದು ನಿಂತಿದೆ. ಮೊದಲನೆಯ ಊರಿನ ಸೊನ್ನೆಯು ರೋಗವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಹುಡುಕಲಿಲ್ಲ ಎಂಬುದಕ್ಕೆ ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪ್ರತಿಮೆಯ ಆಸೆಯಿಂದ ಒಂಬತ್ತನೆಯ ರೋಗಿಯನ್ನು ಪಕ್ಕದ ಊರಿನ ವಿಳಾಸಕ್ಕೆ ದೂಡುವುದಾಗಲಿ, ವರ್ಷಾಂತ್ಯದಲ್ಲಿ ಕೆಮ್ಮುವವರನ್ನು ಜನವರಿಯಲ್ಲಿ ಬರಹೇಳುವುದಾಗಲಿ ಅಭಿಯಾನದ ಬೇರನ್ನೇ ಕಡಿದಂತೆ. ಪತ್ತೆಯಾದ ಪ್ರತಿ ರೋಗಿಯೂ ಪಂಚಾಯಿತಿಯ ಯಶಸ್ಸು ಎಂಬ ಭಾವನೆ ಮೊದಲು ಸದಸ್ಯರಲ್ಲಿ ನೆಲೆಗೊಳ್ಳಬೇಕು.

ಮೂರನೆಯ ಮಾನದಂಡದಲ್ಲಿಯೂ ಗಮನಿಸಬೇಕಾದ ಅಂಶವಿದೆ. 8 ಮಂದಿ ರೋಗಿಗಳಲ್ಲಿ 7 ಮಂದಿ ಚಿಕಿತ್ಸೆ ಮುಗಿಸಿದರೆ ಯಶಸ್ಸು ಶೇ. 87.5, 6 ಮಂದಿ ಮುಗಿಸಿದರೆ ಶೇ. 75. ಒಬ್ಬನೇ ಒಬ್ಬ ರೋಗಿಯ ಕೈಬಿಟ್ಟರೂ ಗುರಿ ತಪ್ಪಬಹುದು. ಆರು ತಿಂಗಳ ಔಷಧವನ್ನು ಎರಡೇ ತಿಂಗಳಿಗೆ, ಕೆಮ್ಮು ನಿಂತಿತೆಂದು, ಬಿಟ್ಟವರಲ್ಲಿ ರೋಗ ಮರಳುವ ಮತ್ತು ಔಷಧಕ್ಕೆ ಬಗ್ಗದ ರೂಪ ತಾಳುವ ಅಪಾಯವಿದೆ.

6. ತೆರೆದಿರಬೇಕಾದುದು, ಮುಚ್ಚಿರಬೇಕಾದುದು

ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಗ್ಗೆ ಹಾಲಿನ ಅಳತೆ ಎಲ್ಲರ ಕಣ್ಣೆದುರು ನಡೆಯುತ್ತದೆ. ಆದ್ದರಿಂದಲೇ ಸಂಘದ ಮೇಲೆ ನಂಬಿಕೆ. ಆರೋಗ್ಯದ ಸಹಯೋಗದಲ್ಲಿಯೂ ಲೆಕ್ಕ ತೆರೆದಿರಬೇಕು. ಎಷ್ಟು ಪರೀಕ್ಷೆಗಳು ನಡೆದವು, ಎಷ್ಟು ಹಣ ಬಂದಿತು, ಯಾವ ದಾನಿ ಎಷ್ಟು ಕಿಟ್ ಕೊಟ್ಟರು, ಎಷ್ಟು ಕಿಟ್ ವಿತರಣೆಯಾಯಿತು, ಪೋಷಣ್ ಹಣದ ಕಂತು ಎಷ್ಟು ಮಂದಿಗೆ ತಲುಪಿಲ್ಲ ಎಂಬುದನ್ನು ಗ್ರಾಮ ಸಭೆಯಲ್ಲಿ ಓದಬೇಕು. ಸೂಚನಾ ಫಲಕದಲ್ಲಿ ಹಾಕಬೇಕು.

ಆದರೆ ರೋಗಿಯ ಹೆಸರು ಹಾಲಿನ ಲೀಟರಿನಂತಲ್ಲ. ಒಮ್ಮೆ ಹೊರಬಿದ್ದರೆ ಹಿಂದಕ್ಕೆ ಪಡೆಯಲಾಗದು. ಕ್ಷಯವೆಂದು ತಿಳಿದರೆ ಮಗಳ ಸಂಬಂಧ ಮುರಿಯಬಹುದು, ಬಾಡಿಗೆ ಮನೆ ತಪ್ಪಬಹುದು, ಕೂಲಿ ಕೈಬಿಡಬಹುದು ಎಂಬ ಭಯದಿಂದ ಜನ ಕೆಮ್ಮನ್ನು ಬಚ್ಚಿಡುತ್ತಾರೆ. ಒಂದು ಮನೆಯ ಗುಟ್ಟು ಬಯಲಾದುದನ್ನು ಕಂಡ ಹತ್ತು ಮನೆಯವರು ಪರೀಕ್ಷೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಹೀಗಾಗಿ ಗೋಪ್ಯತೆಯು ರೋಗಿಗೆ ಮಾಡುವ ಉಪಕಾರ ಮಾತ್ರವಲ್ಲ. ಅಭಿಯಾನ ನಿಂತಿರುವ ನೆಲ.

ಸದಸ್ಯರು ಪಾಲಿಸಬೇಕಾದ ಕೆಲವು ನಿಯಮಗಳು ಹೀಗಿವೆ.

ಒಂದು, ರೋಗಿಗಳ ಪಟ್ಟಿಯನ್ನು ಸಭೆಯಲ್ಲಿ ಓದಬಾರದು, ವಾಟ್ಸಾಪ್ ಗುಂಪಿಗೆ ಹಾಕಬಾರದು. ಪಟ್ಟಿ ಆರೋಗ್ಯ ಸಿಬ್ಬಂದಿಯ ಬಳಿಯಲ್ಲಿಯೇ ಇರಲಿ.

ಎರಡು, ಆಹಾರದ ಕಿಟ್ಟನ್ನು ವೇದಿಕೆಗೆ ಕರೆದು, ಫೋಟೋ ತೆಗೆದು ಕೊಡಬಾರದು. ದಾನಿಗೆ ಗೌರವ ಸಲ್ಲಿಸಬೇಕೆಂದರೆ ದಾನಿಯೊಬ್ಬರನ್ನೇ ವೇದಿಕೆಗೆ ಕರೆಯಬಹುದು. ಕಿಟ್ ಆಶಾ ಕಾರ್ಯಕರ್ತೆಯ ಮೂಲಕ, ಯಾವ ಗುರುತು ಚೀಟಿಯೂ ಇಲ್ಲದ ಚೀಲದಲ್ಲಿ, ರೋಗಿ ಬಯಸಿದ ಸ್ಥಳಕ್ಕೆ ತಲುಪಲಿ.

ಮೂರು, ಯಾವುದೇ ಸಮುದಾಯ ನೆರವಿಗೆ ಮುನ್ನ ರೋಗಿಯ ಒಪ್ಪಿಗೆ ಪಡೆದಿರಬೇಕು. ಬೇಡವೆಂದವರನ್ನು ಒತ್ತಾಯಿಸಬಾರದು.

ನಾಲ್ಕು, ಅಂಕಿ ಅಂಶವನ್ನು ಇಡೀ ಪಂಚಾಯಿತಿಗೆ ಒಟ್ಟಾಗಿ ಹೇಳಬೇಕು. ನಲವತ್ತು ಮನೆಗಳ ದೊಡ್ಡಿಯೊಂದರಲ್ಲಿ ಒಬ್ಬ ರೋಗಿ ಎಂದು ಫಲಕದಲ್ಲಿ ಬರೆದರೆ ಹೆಸರು ಬರೆದಂತೆಯೇ ಆಯಿತು.

ಐದು, ಕ್ಷಯವು ತಟ್ಟೆ, ಲೋಟ, ಬಟ್ಟೆಗಳಿಂದ ಹರಡುವುದಿಲ್ಲ, ಕೆಮ್ಮಿನ ಗಾಳಿಯಿಂದ ಹರಡುತ್ತದೆ, ಸರಿಯಾದ ಔಷಧ ಆರಂಭವಾದ ಮೇಲೆ ಹರಡುವಿಕೆ ಬೇಗನೆ ಕುಗ್ಗುತ್ತದೆ ಎಂಬ ಮಾತನ್ನು ಪ್ರತಿ ಸಭೆಯಲ್ಲಿಯೂ ಹೇಳಬೇಕು. ಗುಣಮುಖರಾದವರು ತಾವಾಗಿಯೇ ಮುಂದೆ ಬಂದು ಮಾತನಾಡಲು ಒಪ್ಪಿದರೆ ಅದಕ್ಕಿಂತ ದೊಡ್ಡ ಪ್ರಚಾರವಿಲ್ಲ. ಆ ನಿರ್ಧಾರ ಅವರದೇ ಆಗಿರಬೇಕು.

7. ನಾಲ್ಕು ತಾಲ್ಲೂಕುಗಳಲ್ಲಿ ಕೈಜೋಡಿಸಬೇಕಾದವರು

ಸಹಯೋಗದ ರೂಪ ಊರಿನ ಕಸುಬನ್ನು ನೋಡಿಕೊಂಡು ಬದಲಾಗಬೇಕು. ರಾಮನಗರ ತಾಲ್ಲೂಕಿನ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಹಬೆ ತುಂಬಿದ ಇಕ್ಕಟ್ಟಾದ ಕೊಠಡಿಗಳಲ್ಲಿ ಹಲವರು ದಿನವಿಡೀ ಒಟ್ಟಿಗೆ ದುಡಿಯುತ್ತಾರೆ. ಗಾಳಿಯಾಡದ ಜಾಗದಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ. ಕಿಟಕಿ ತೆರೆಯುವುದು, ಗಾಳಿ ಹೊರಹಾಕುವ ಫ್ಯಾನ್ ಅಳವಡಿಸುವುದು, ಕೆಲಸದ ಸಮಯಕ್ಕೆ ಹೊಂದುವಂತೆ ತಪಾಸಣಾ ಶಿಬಿರ ನಡೆಸುವುದು ಇವು ರೀಲರ್‌ಗಳ ಜೊತೆ ಕುಳಿತು ನಿರ್ಧರಿಸಬೇಕಾದ ವಿಷಯಗಳು.

ಚನ್ನಪಟ್ಟಣದಲ್ಲಿ ಮರವನ್ನು ಲೇತ್‌ಗೆ ಕೊಟ್ಟು ಅರಗಿನ ಬಣ್ಣದ ಆಟಿಕೆ ಮಾಡುವ ಕುಶಲಕರ್ಮಿಗಳು ಕೆಮ್ಮು ಬಂದಾಗ ಅದು ಹೊಟ್ಟಿನ ಧೂಳಿನ ಕೆಮ್ಮು ಎಂದು ಸುಮ್ಮನಿರುವ ಸಂಭವವಿದೆ. ಕನಕಪುರದ ಕಡೆಯ ಕಲ್ಲುಗಣಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಕಲ್ಲಿನ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಉಂಟಾದವರಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಹೆಚ್ಚು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಧೂಳಿನ ಮೇಲೆ ಹೊರಿಸದೆ ಪರೀಕ್ಷಿಸಬೇಕು ಎಂಬುದು ಮೇಸ್ತ್ರಿಗೂ ಮಾಲೀಕನಿಗೂ ತಿಳಿದಿರಬೇಕು.

ಮಾಗಡಿಯ ಹಳ್ಳಿಗಳಿಂದ ಅನೇಕರು ಬಿಡದಿಯ ಕಾರ್ಖಾನೆಗಳಿಗೂ ಬೆಂಗಳೂರಿಗೂ ದುಡಿಯಲು ಹೋಗುತ್ತಾರೆ. ವಿಳಾಸ ಬದಲಾದಾಗ ಔಷಧ ತಪ್ಪಬಾರದು. ನಿಕ್ಷಯ್ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಗುರುತು ಸಂಖ್ಯೆ ಇರುವುದರಿಂದ ಚಿಕಿತ್ಸೆಯನ್ನು ಬೇರೆ ಊರಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಊರು ಬಿಡುವ ಮುನ್ನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸಾಕು. ಶುಲ್ಕರಹಿತ ಸಹಾಯವಾಣಿ 1800-11-6666ರಲ್ಲಿಯೂ ವಿಚಾರಿಸಬಹುದು.

ಕೋವಿಡ್ ಕಾಲದಲ್ಲಿ ಪಂಚಾಯಿತಿ ಅಧ್ಯಕ್ಷರ ನೇತೃತ್ವದಲ್ಲಿ ರಚಿತವಾದ ಕಾರ್ಯಪಡೆಗಳ ಅನುಭವ ರಾಜ್ಯದ ಮುಂದಿದೆ. ಆ ಕಾರ್ಯಪಡೆಗಳನ್ನೇ ಆಧಾರವಾಗಿಟ್ಟುಕೊಂಡು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನದ ಜೊತೆಗೂಡಿ ಹಲವು ಜಿಲ್ಲೆಗಳಲ್ಲಿ ಗ್ರಾಮ ಪಂಚಾಯತ್ ಆರೋಗ್ಯ ಅಮೃತ ಅಭಿಯಾನವನ್ನು ನಡೆಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯದ ಲಕ್ಷಣಗಳ ತಪಾಸಣೆ ಗ್ರಾಮ ಪಂಚಾಯಿತಿಯ ಕಾರ್ಯಸೂಚಿಯೊಳಗೆ ಬರಬಲ್ಲದು ಎಂಬುದನ್ನು ಅದು ತೋರಿಸಿತು.

8. ವರ್ಷದ ಕಾರ್ಯಸೂಚಿ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯು ಪ್ರತಿ ತಿಂಗಳು ಸೇರಿ, ಸಮುದಾಯ ಆರೋಗ್ಯ ಅಧಿಕಾರಿಯಿಂದ ಆ ತಿಂಗಳ ಪರೀಕ್ಷೆಗಳ ಸಂಖ್ಯೆಯನ್ನು ಪಡೆಯಬೇಕು. ಗುರಿಗಿಂತ ಕಡಿಮೆಯಿದ್ದರೆ ಕಾರಣ ಕೇಳಬೇಕು: ಕಫದ ಡಬ್ಬಿ ಇಲ್ಲವೇ, ಮಾದರಿ ಸಾಗಿಸಲು ವಾಹನವಿಲ್ಲವೇ, ಶಿಬಿರದ ದಿನ ಜನ ಕೂಲಿಗೆ ಹೋಗಿದ್ದರೇ?

ತಪಾಸಣೆಯಲ್ಲಿ 60 ವರ್ಷ ದಾಟಿದವರು, ಸಕ್ಕರೆ ಕಾಯಿಲೆಯವರು, ತೂಕ ಕಡಿಮೆ ಇರುವವರು, ಬೀಡಿ ಮತ್ತು ಮದ್ಯದ ಅಭ್ಯಾಸವಿರುವವರು, ಹಿಂದೆ ಕ್ಷಯವಿದ್ದವರು, ರೋಗಿಯ ಮನೆಯವರು ಇವರಿಗೆ ಮೊದಲ ಆದ್ಯತೆ ಸಲ್ಲಬೇಕು. ರೋಗವಿಲ್ಲವೆಂದು ಖಚಿತವಾದ ಮನೆಯವರಿಗೆ ವೈದ್ಯರ ಸಲಹೆಯಂತೆ ತಡೆಗಟ್ಟುವ ಔಷಧವೂ ಲಭ್ಯವಿದೆ.

ಪೋಷಣ್ ಹಣ ತಡವಾಗಲು ಬ್ಯಾಂಕ್ ಖಾತೆ ಇಲ್ಲದಿರುವುದು, ಆಧಾರ್ ಜೋಡಣೆಯಾಗದಿರುವುದು ಸಾಮಾನ್ಯ ಕಾರಣ. ಪಂಚಾಯಿತಿ ಕಚೇರಿಯಿಂದ ಇದು ಸುಲಭವಾಗಿ ಬಗೆಹರಿಯುವ ಕೆಲಸ. ಸಂಜೀವಿನಿ ಒಕ್ಕೂಟ, ಹಾಲಿನ ಸಂಘ, ಕಾರ್ಖಾನೆಗಳು ಮತ್ತು ಊರಿನ ಸ್ಥಿತಿವಂತರನ್ನು ನಿಕ್ಷಯ್ ಮಿತ್ರರಾಗಲು ಆಹ್ವಾನಿಸಬೇಕು. ಕಿಟ್ ಒಂದು ತಿಂಗಳು ಬಂದು ನಿಲ್ಲಬಾರದು. ಆರು ತಿಂಗಳ ಚಿಕಿತ್ಸೆಗೆ ಆರು ತಿಂಗಳ ಆಹಾರ ಎಂಬ ಮಾತನ್ನು ಆರಂಭದಲ್ಲಿಯೇ ಪಡೆಯಬೇಕು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ‘ಆರೋಗ್ಯಯುತ ಗ್ರಾಮ’ ವಿಷಯದಡಿ ಈ ಚಟುವಟಿಕೆಗಳನ್ನು ಸೇರಿಸಿದರೆ ಅವುಗಳಿಗೆ ನಿಲುಗಡೆಯ ಆಧಾರ ದೊರೆಯುತ್ತದೆ.

9. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ನಿಮ್ಮ ಪಂಚಾಯಿತಿಯ ಜನಸಂಖ್ಯೆ ಎಷ್ಟು? ಅದರಂತೆ ತಿಂಗಳಿಗೆ ಎಷ್ಟು ಪರೀಕ್ಷೆ ನಡೆಯಬೇಕು? ಕಳೆದ ತಿಂಗಳು ಎಷ್ಟು ನಡೆದಿವೆ?

2) ನಿಮ್ಮ ಊರಿನಲ್ಲಿ ಕೆಮ್ಮಿನಿಂದ ಚಿಕಿತ್ಸೆಯವರೆಗಿನ ದಾರಿಯಲ್ಲಿ ಯಾವ ಜೋಡಣೆಯಲ್ಲಿ ಸೋರಿಕೆ ಹೆಚ್ಚು?

3) ತಮ್ಮ ವಾರ್ಡಿನ ರೋಗಿಗಳು ಯಾರೆಂದು ಸದಸ್ಯರೊಬ್ಬರು ಕೇಳಿದರೆ ಆಶಾ ಕಾರ್ಯಕರ್ತೆ ಏನೆಂದು ಉತ್ತರಿಸಬೇಕು? ಹೆಸರು ತಿಳಿಯದೆಯೇ ಸದಸ್ಯರು ಯಾವ ಯಾವ ನೆರವು ನೀಡಬಹುದು?

4) ಕಿಟ್ ನೀಡುವ ದಾನಿ ರೋಗಿಯ ಜೊತೆಗೆ ಫೋಟೋ ಬೇಕೆಂದು ಹಟ ಹಿಡಿದರೆ ಪಂಚಾಯಿತಿಯ ನಿಲುವು ಏನಾಗಿರಬೇಕು?

5) ರೋಗಿಗಳ ಸಂಖ್ಯೆ ಮಿತಿಯನ್ನು ದಾಟಿ ಈ ವರ್ಷ ಪ್ರಮಾಣಪತ್ರ ತಪ್ಪುವಂತಿದ್ದರೆ ಅದನ್ನು ಗ್ರಾಮ ಸಭೆಗೆ ಹೇಗೆ ವಿವರಿಸುವಿರಿ?

ಐದನೆಯ ಪ್ರಶ್ನೆಗೆ ಅಂಜಿಕೆಯಿಲ್ಲದೆ ಉತ್ತರಿಸಬಲ್ಲ ಪಂಚಾಯಿತಿ ಕ್ಷಯಮುಕ್ತವಾಗುವ ದಾರಿಯಲ್ಲಿ ಆಗಲೇ ಅರ್ಧ ನಡೆದಿರುತ್ತದೆ. ಉಳಿದರ್ಧವನ್ನು ಔಷಧ, ಅನ್ನ ಮತ್ತು ಊರಿನ ನಂಬಿಕೆ ಒಟ್ಟಾಗಿ ನಡೆಸುತ್ತವೆ.